ಬೇಕೆಂದೇ ಸೋತವಳು

ನನ್ನ ಸೋದರತ್ತೆಯ ಮಗ ಚೆಸ್‌ನಲ್ಲಿ ನನ್ನನ್ನು ಒಮ್ಮೆಯೂ ಸೋಲಿಸಿರಲಿಲ್ಲ. ರಜೆಗೆ ಅವನು ಮೈಸೂರಿನಿಂದ ನಮ್ಮೂರು ಮಿರ್ಲೆಗೆ ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಕೂತು ಆಡುತ್ತಿದ್ದೆವು. ತಾತ ಕಲಿಸಿದ್ದು ಇಬ್ಬರಿಗೂ. ಕಲಿತದ್ದು ಮಾತ್ರ ನಾನು. ಮಂತ್ರಿಯನ್ನು ಕಳೆದುಕೊಂಡ ಕೂಡಲೇ ಅವನು ಹಸಿವು ಅಂತ ಎದ್ದುಬಿಡುತ್ತಿದ್ದ. ಓದು, ರೂಪ, ಅಡುಗೆ ಯಾವುದಕ್ಕೂ ನನ್ನನ್ನು ಯಾರೂ ಹೊಗಳಿದ್ದಿಲ್ಲ. ನನ್ನದು ಅಂತ ಹೇಳಿಕೊಳ್ಳಲು ಇದ್ದದ್ದು ಆ ಆಟವೊಂದೇ.

ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲ. ನಾನು ಕೆ.ಆರ್. ನಗರದಲ್ಲಿ ಡಿಗ್ರಿಗೆ ಸೇರಿದೆ, ಅವನು ಮೈಸೂರಿನಲ್ಲಿ ಇಂಜಿನಿಯರಿಂಗ್‌ಗೆ. ಅವನ ಮನೆಗೆ ಬ್ರಾಡ್‌ಬ್ಯಾಂಡ್ ಬಂತು. "ಸೈಬರ್ ಸೆಂಟರಿಗೆ ಹೋಗು, ಇಂಟರ್‌ನೆಟ್‌ನಲ್ಲೇ ಆಡೋಣ" ಎಂದ. ಒಬ್ಬೊಬ್ಬರಿಗೆ ಐದೈದು ನಿಮಿಷ. ಸಮಯ ಮುಗಿದವರು ಸೋತ ಹಾಗೆ.

ನಾನು ಕುದುರೆ ನಡೆಸುತ್ತಿದ್ದೆ. ಸೈಬರ್ ಸೆಂಟರಿನ ಲೈನು ನಿಧಾನ, ಕುದುರೆ ಕದಲುತ್ತಿರಲಿಲ್ಲ. ಗಡಿಯಾರ, ಅದೂ ನನ್ನ ಗಡಿಯಾರ, ಓಡುತ್ತಲೇ ಇರುತ್ತಿತ್ತು. ಭತ್ತದ ಹುಲ್ಲು ಹೇರಿದ ಟ್ರಾಕ್ಟರುಗಳು ಓಡಾಡುವ ದಿನಗಳಲ್ಲಂತೂ ಇಳಿಬಿದ್ದ ಫೋನ್ ತಂತಿ ಹುಲ್ಲಿಗೆ ಸಿಕ್ಕಿ ಕಿತ್ತೇ ಹೋಗುತ್ತಿತ್ತು. ಇನ್ನೇನು ಅವನ ರಾಜನಿಗೆ ದಾರಿಯಿಲ್ಲ ಅನ್ನುವಾಗ ಪರದೆ ಕಲ್ಲಾಗುತ್ತಿತ್ತು. ಅದಕ್ಕೆ ಜೀವ ಬರುವಷ್ಟರಲ್ಲಿ ನಾನು ಸೋತಿರುತ್ತಿದ್ದೆ, ಮೂಲೆಯ ಚಾಟ್‌ನಲ್ಲಿ ಅವನ ಮಾತು ಕೂತಿರುತ್ತಿತ್ತು: "ಏನೇ, ನಿದ್ದೆ ಬಂತಾ?"

"ಒಸಿ ತಡ್ಕಳವ್ವ, ಬತ್ತದೆ" ಅನ್ನುತ್ತಿದ್ದ ಸೈಬರ್ ಸೆಂಟರಿನವನು. ಬರುತ್ತಿತ್ತು ನಿಜ, ಎಲ್ಲ ಮುಗಿದ ಮೇಲೆ. ನಿಧಾನ ಇರುವುದು ಲೈನು, ನಾನಲ್ಲ ಎಂದು ಫೋನಿನಲ್ಲಿ ಹೇಳಿದರೆ ಅವನು "ಸೋತೋರೆಲ್ಲ ಹಾಗೇ ಹೇಳೋದು" ಎಂದು ನಗುತ್ತಿದ್ದ. ಆಟ ಬಿಟ್ಟರೆ ಹೆದರಿದಳು ಅನ್ನುತ್ತಾನೆ. ಆ ಹಟಕ್ಕೆ ಮತ್ತೆ ಹೋಗಿ ಕೂರುತ್ತಿದ್ದೆ, ಮತ್ತೆ ಸೋಲುತ್ತಿದ್ದೆ.

ಈ ಗೆಲುವುಗಳನ್ನು ಅವನು ನೆಂಟರಿಗೆಲ್ಲ ಸಾರಿದ. ಹುಡುಗಿ ಸೋದರತ್ತೆ ಮಗನಿಗೆ ಸೋತಳು ಅಂದರೆ ನಮ್ಮವರಿಗೆ ಹೊಳೆಯುವುದು ಒಂದೇ ಅರ್ಥ.

"ಬೇಕು ಅಂತ್ಲೇ ಸೋತವ್ಳೆ ಕಣ್ರೇ" ಎಂದರು ದೊಡ್ಡಮ್ಮ.

"ನಾನೂ ಅಂಗೇ ಅನ್ಕಂಡೆ ಬುಡಕ್ಕ" ಎಂದು ಅತ್ತೆ ನನ್ನ ಕೆನ್ನೆ ಚಿವುಟಿದರು.

ಲೈನು, ತಂತಿ, ಗಡಿಯಾರ ಎಂದು ನಾನು ಬಿಡಿಸಿ ಹೇಳಲು ಹೊರಟರೆ "ನಾಚ್ಕತಾವ್ಳೆ" ಎಂದು ಇನ್ನಷ್ಟು ನಕ್ಕರು. ನಾಚಿಕೆಯಲ್ಲ, ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಲ್ಲಿಂದಲೇ ಮದುವೆ ಮಾತು ಶುರುವಾಯಿತು. ನನ್ನನ್ನು ಕೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಅವರ ಪಾಲಿಗೆ ನಾನು ಸೋತು ಸೋತು ಒಪ್ಪಿಗೆ ಕೊಟ್ಟಾಗಿತ್ತು.

ಚಿಕ್ಕಪ್ಪನ ಮಗಳ ಮದುವೆಗೆ ಎಲ್ಲರೂ ಸೇರಿದ್ದಾಗ ಚಪ್ಪರದಡಿ ಚೆಸ್ ಮಣೆ ತಂದು ಅವನ ಮುಂದಿಟ್ಟೆ.

"ಈಗ ಬೇಡ ಕಣೆ" ಎಂದ.

"ಯಾಕೆ ಭಾವ, ಹಸಿವಾ?"

ಜನ ಸುತ್ತ ಕೂತುಬಿಟ್ಟಿದ್ದರು, ಅವನಿಗೆ ಏಳಲಾಗಲಿಲ್ಲ. ನಾನು ಎತ್ತಿಟ್ಟ ಕುದುರೆ ಇಟ್ಟ ಮನೆಯಲ್ಲೇ ನಿಂತಿತು. ಆ ಸುಖವನ್ನು ಏನೆಂದು ಹೇಳಲಿ! ಕಾಫಿ ಹಂಚಿ ಮುಗಿಯುವಷ್ಟರಲ್ಲಿ ಅವನ ರಾಜನಿಗೆ ಹೋಗಲು ಜಾಗವೇ ಉಳಿಯಲಿಲ್ಲ.

"ನೋಡ್ರೇ, ಈ ಸಲ ಅವ್ನು ಬುಟ್ಕೊಟ್ಟ!" ಎಂದು ದೊಡ್ಡಮ್ಮ ಚಪ್ಪಾಳೆ ತಟ್ಟಿದರು. ಚಪ್ಪರವೆಲ್ಲ ನಕ್ಕಿತು. ನಾನು ಅವನ ಮುಖ ನೋಡಿದೆ. ಇಲ್ಲ, ನಿಜವಾಗಿಯೇ ಸೋತೆ ಅನ್ನುವ ಒಂದು ಮಾತು ಸಾಕಿತ್ತು ನನಗೆ. ಅವನ ಕಿವಿ ಕೆಂಪಾಗಿತ್ತು, ಅವನಿಗೆ ಗೊತ್ತಿತ್ತು. ಆದರೂ ಕಾಯಿಗಳನ್ನು ಡಬ್ಬಿಗೆ ತುಂಬುತ್ತ ಅವನೂ ಎಲ್ಲರ ಜೊತೆ ನಕ್ಕ.

ಈ ಮದುವೆ ಬೇಡ ಎಂದು ಅವತ್ತೇ ಅಪ್ಪನಿಗೆ ಹೇಳಿದೆ. ಅತ್ತೆ ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ. "ನನ್ ಮಗುಂಗೆ ಅಷ್ಟು ಆಸೆ ತೋರ್ಸಿ ಕೈ ಕೊಟ್ಲು" ಅನ್ನುತ್ತಾರಂತೆ.