ದಶರಥ ಮಾಸ್ತರರ ಗಾದಿ

ಬೆಳಗಿನ ಐದೂವರೆಗೆ ಕಾಗವಾಡದ ಓಣಿಗಳಿಗೆ ನೀರು ಬಿಡಲು ಹೊರಟ ದಶರಥ ಅವರನ್ನು ಮಾತಾಡಿಸಿ ಉಪಯೋಗವಿಲ್ಲ. ಹೆಗಲ ಮೇಲೆ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಚಾವಿ, ತುಟಿಗಳ ನಡುವೆ ಕ್ಲಾರಿನೆಟ್ಟಿನ ರೀಡು. ಬೆರಳುದ್ದದ ಆ ಬೆತ್ತದ ಚೂರು ನೆನೆದು ಮೆತ್ತಗಾಗದೆ ಸ್ವರ ಹೊರಡದು.

"ದಶರಥಣ್ಣಾ, ನೀರ ಎಷ್ಟೊತ್ತ ಇರ್ತೈತ್ರಿ?"

ಅವರು ಎರಡು ಬೆರಳು ಎತ್ತುತ್ತಾರೆ. ಎರಡು ತಾಸು.

"ನಿನ್ನೇನೂ ಎರಡ ತೋರ್ಸಿದ್ರಿ, ಒಂದ ತಾಸಿಗೆ ಬಂದ್ ಆತು!"

ಉತ್ತರ ಕೊಡಲು ಬಾಯಿ ಖಾಲಿ ಇಲ್ಲವೆಂಬುದೇ ಅವರಿಗೆ ಅನುಕೂಲ.

ನೌಕರಿ ನೀರಿನದು, ಹೆಸರು ಬ್ಯಾಂಡಿನದು. ಮೂವತ್ತು ವರ್ಷ ಅವರು ಮದುವೆ ಮೆರವಣಿಗೆಗಳಲ್ಲಿ ಕುದುರೆಯ ಮುಂದೆ ಕ್ಲಾರಿನೆಟ್ ನುಡಿಸುತ್ತ ನಡೆದಿದ್ದಾರೆ. ಅಥಣಿಯಿಂದ ನಿಪ್ಪಾಣಿವರೆಗೆ ಅವರು ನಡೆಯದ ಪೇಟೆಯಿಲ್ಲ. ಮೆರವಣಿಗೆ ಮಂಟಪ ಮುಟ್ಟಿದರೆ ವರ ಒಳಗೆ, ಬ್ಯಾಂಡು ಹೊರಗೆ.

ಮೂರು ವರ್ಷದ ಹಿಂದೆ ಜುಗೂಳದ ರಾವಸಾಹೇಬರು ಮನೆಗೆ ಬಂದರು. ದ್ರಾಕ್ಷಿ ತೋಟದವರು, ಸಂಗೀತದ ಹುಚ್ಚಿನವರು. ಏಪ್ರಿಲ್ ಮುಗಿದರೆ ಅವರ ಒಣದ್ರಾಕ್ಷಿ ಶೆಡ್ಡು ಖಾಲಿ. ಮೇ ತಿಂಗಳಲ್ಲಿ ಹತ್ತು ದಿನ ಅಲ್ಲಿ ಮಕ್ಕಳ ಶಿಬಿರ, ಹೊರಗಿನಿಂದ ಬಂದ ಕಲಾವಿದರ ಪಾಠ. ಕೊನೆಯ ಸಂಜೆ ಬೈಠಕ್: ಕಲಾವಿದರು ಗಾದಿಯ ಮೇಲೆ ಕುಳಿತು ಮೈಕಿಲ್ಲದೆ ನುಡಿಸುವ ಕಚೇರಿ.

"ಈ ಸಲ ಕ್ಲಾರಿನೆಟ್ ಕಲಸಾಕ ನೀವ ಬರಬೇಕ್ರಿ ಮಾಸ್ತರ. ಬೈಠಕ್‌ದಾಗ ನಿಮಗೂ ಗಾದಿ ಹಾಸ್ತೀವಿ," ಎಂದರು.

ಆ ಗಾದಿಯ ಮಾತು ದಶರಥರ ತಲೆಯಲ್ಲಿ ಕೂತುಬಿಟ್ಟಿತು. ನೀರಿನ ಕೆಲಸಕ್ಕೆ ಹತ್ತು ದಿನ ರಜೆ ಹಾಕಿದರು.

ಶಿಬಿರದ ಮೂರನೇ ದಿನ ತಾಲೀಮು. ಧಾರವಾಡದಿಂದ ಬಂದ ನೀಲಮ ಅವರ ಪಿಟೀಲು, ಮಿರಜದ ಧರಣೇಂದ್ರ ಅವರ ತಬಲಾ, ನಡುವೆ ದಶರಥ. ಚಕ್ಕಳಮಕ್ಕಳ ಹಾಕಿ ಕುಳಿತು ಯಮನ್ ರಾಗ ಹಿಡಿದರೆ ಎರಡನೇ ಸಾಲಿಗೇ ಉಸಿರು ತುಂಡಾಯಿತು. ಮತ್ತೊಮ್ಮೆ ಹಿಡಿದರು, ಅಲ್ಲೇ ತುಂಡಾಯಿತು.

"ನಾಳೆ ಹಲ್ಲನೋವ ಅಂತ ಹೇಳಿಬಿಡ್ತೀನಿ," ಎಂದು ಮನೆಗೆ ಬಂದವರೇ ಹೆಂಡತಿ ಸಕ್ಕುಬಾಯಿಗೆ ಹೇಳಿದರು.

"ಇರೂವು ನಾಕ ಹಲ್ಲು. ಅದರಾಗ ಯಾವದು ನೋಯ್ತದ ಅಂತೀರಿ?" ಆಕೆ ಅಕ್ಕಿ ಆರಿಸುತ್ತಲೇ ಕೇಳಿದರು. "ಮಂದಿ ಮದುವ್ಯಾಗ ಮೂವತ್ತ ವರ್ಷ ನಡದ್ರಿ. ಒಂದಿನ ಕುಂಡ್ರಾಕ ಬರೂದಿಲ್ಲೇನು?"

"ಅದನ ನೋಡ. ಕುಂಡ್ರೂದನ ಬರವಲ್ದು."

ಮರುದಿನ ಏಳಕ್ಕೆ ಹಲ್ಲುನೋವಿನ ಮಾತೆತ್ತದೆ ಹನ್ನೊಂದು ಮಕ್ಕಳನ್ನು ಕರೆದುಕೊಂಡು ದ್ರಾಕ್ಷಿ ಸಾಲುಗಳ ನಡುವೆ ಹೊರಟರು. ಒಂದು ಉಸಿರಿಗೆ ಎಂಟು ಹೆಜ್ಜೆ: ಅವರಿಗೆ ಗೊತ್ತಿದ್ದ ಪಾಠ ಅದೊಂದೇ. ಶೆಡ್ಡಿನಲ್ಲಿ ತುಂಡಾಗಿದ್ದ ಅದೇ ಸಾಲು ಇಲ್ಲಿ ತೋಟದ ಬೇಲಿಯವರೆಗೆ ಅಖಂಡವಾಗಿ ಹರಿಯಿತು. ಚಹಾದ ಲೋಟ ಹಿಡಿದು ನೀಲಮ ನೋಡುತ್ತ ನಿಂತಿದ್ದರು.

"ಬೈಠಕ್‌ದಾಗೂ ನಡಕೋತನ ನುಡಸ್ರಲ್ಲ," ಎಂದರು.

"ಬ್ಯಾಡ್ರಿ ಅಕ್ಕಾರ. ಗಾದಿ ಬಿಟ್ಟ ಎದ್ದರ ನಾ ಮತ್ತ ಬ್ಯಾಂಡಿನವನ ಆಗ್ತೀನ್ರಿ."

ನೀಲಮ ಚಹಾ ಮುಗಿಸಿ ಶೆಡ್ಡಿನ ಕಡೆ ನಡೆದರು.

ಕೊನೆಯ ಸಂಜೆ ಶೆಡ್ಡು ತುಂಬಿತ್ತು. ಬಿಳಿ ಹೊದಿಕೆಯ ಮೂರು ಗಾದಿಗಳು. ಸಕ್ಕುಬಾಯಿ ಎದುರಿಗೆ, ಚಾಪೆಯ ಮೇಲೆ ಕೇಳುಗರ ನಡುವೆ. ದಶರಥ ಕುಳಿತರು, ಯಮನ್‌ದ ಮೊದಲ ಸಾಲು ಮುಗಿಸಿದರು, ಎರಡನೆಯದರಲ್ಲಿ ಸಿಕ್ಕಿಬಿದ್ದರು. ನೀಲಮ ಆ ಸಾಲನ್ನು ಎತ್ತಿಕೊಂಡು ಮತ್ತೆ ಮತ್ತೆ ನುಡಿಸುತ್ತ ಅವರಿಗಾಗಿ ಕಾದರು. ಕ್ಷಣ ಹೊತ್ತು ಕ್ಲಾರಿನೆಟ್ಟನ್ನೇ ನೋಡುತ್ತಿದ್ದ ದಶರಥ ಎದ್ದು ನಿಂತರು. ಗೋಡೆಗುಂಟ ಮೊದಲ ಹೆಜ್ಜೆ ಇಟ್ಟರು, ಊದಿದರು. ಸ್ವರ ಕೇಳುಗರ ಬೆನ್ನ ಹಿಂದಿನಿಂದ ಸುತ್ತಿ ಬಂತು. ಎಲ್ಲರ ಕತ್ತೂ ಅದರ ಜೊತೆ ತಿರುಗಿತು.

ಅಷ್ಟರಲ್ಲಿ ಅಂಕಲಿಯಿಂದ ತಡವಾಗಿ ಬಂದ ದೊಡ್ಡ ಮನುಷ್ಯರೊಬ್ಬರು ಖಾಲಿ ಗಾದಿ ಕಂಡು ಅತ್ತ ನಡೆದರು. ರಾವಸಾಹೇಬರು ಎದ್ದು ಅವರ ತೋಳು ಹಿಡಿದರು.

"ಅಲ್ಲಿ ಬ್ಯಾಡ್ರಿ. ಅದು ಮಾಸ್ತರ ಜಾಗಾ ಐತಿ. ನೀವು ಇಲ್ಲಿ ಚಾಪಿ ಮ್ಯಾಲ ಕುಂಡರ್ರಿ."

ಶೆಡ್ಡಿನ ಆ ತುದಿಯಲ್ಲಿದ್ದ ದಶರಥರಿಗೂ ಅದು ಕೇಳಿಸಿತು. ಅವಸರ ಮಾಡದೆ ಇನ್ನೊಂದು ಸುತ್ತು ಹಾಕಿ ಬಂದು, ಗಾದಿಯ ಮೇಲೆ ಕುಳಿತು, ಕೊನೆಯ ಸಾಲನ್ನು ಅಲ್ಲಿಯೇ ಮುಗಿಸಿದರು.

ಈ ವರ್ಷದ ಶಿಬಿರ ಮೇ ನಾಲ್ಕಕ್ಕೆ ಶುರು. ಉಳಿದ ತರಗತಿಗಳಿಗೆ ಚಪ್ಪಲಿ ಬಾಗಿಲಲ್ಲೇ ಬಿಡಬೇಕು; ಬೆಳಗ್ಗೆ ಏಳರ ದಶರಥ ಮಾಸ್ತರರ ತರಗತಿಗೆ ಹಾಕಿಕೊಂಡೇ ಬರಬೇಕು.