ಹೊಲದೊಳಗಿನ ಕಾನ್ಫರೆನ್ಸ್

ಮೊನ್ನೆ ಭಾನುವಾರ ಅಟ್ಟದಿಂದ ಟೆಂಟಿನ ಚೀಲ ಇಳಿಸಿ ಜಿಪ್ ಎಳೆದೆ. ಹಳೆಯ ಹೊಗೆ, ಒಣಹುಲ್ಲು, ಯಾವುದೋ ವರ್ಷ ಒಳಗೇ ಉಳಿದುಹೋದ ಮೆಂತ್ಯದ ಥೇಪ್ಲಾ ರೊಟ್ಟಿ, ಎಲ್ಲ ಸೇರಿದ ಒಂದು ವಾಸನೆ ಮುಖಕ್ಕೆ ಬಡಿಯಿತು. ನೀವಾಗಿದ್ದರೆ ಮೂಗು ಮುಚ್ಚಿಕೊಳ್ಳುತ್ತಿದ್ದಿರಿ. ನಾನು ಚೀಲದೊಳಗೆ ಇನ್ನಷ್ಟು ಮುಖ ತೂರಿಸಿದೆ. ವಡೋದರದ ಮಂಜಲ್‌ಪುರದ ಈ ಫ್ಲ್ಯಾಟಿನಲ್ಲಿ ಪ್ರಶಾಂತ ನನ್ನ ಜೊತೆಗಿದ್ದ ದಿನಗಳ ವಾಸನೆ ಅದು.

ಪ್ರಶಾಂತ ಉಡುಪಿ ಕಡೆಯವನು, ನಾನು ತುಮಕೂರಿನವನು. ಇಬ್ಬರಿಗೂ ಮಕರಪುರದ ಕಾರ್ಖಾನೆಗಳಲ್ಲಿ ಕೆಲಸ. ಯಾವ ವಸ್ತುವನ್ನೂ ಅದು ಇರುವ ಉದ್ದೇಶಕ್ಕೆ ಬಳಸಬಾರದೆಂದು ಅವನು ವ್ರತ ಹಿಡಿದಂತಿತ್ತು. ನಮ್ಮ ಮಿಕ್ಸಿಯ ಮೋಟಾರು ಕೆಲವು ಕಾಲ ಕಿಟಕಿಯ ಪರದೆ ಎಳೆಯುವ ನೌಕರಿಯಲ್ಲಿತ್ತು. ಆ ಅವಧಿಯಲ್ಲಿ ನಾವು ಚಟ್ನಿಪುಡಿ ತಿಂದು ಬದುಕಿದೆವು. ಪರದೆ ಮಾತ್ರ ಬಹಳ ಗಾಂಭೀರ್ಯದಿಂದ ಸರಿಯುತ್ತಿತ್ತು, ಇಲ್ಲವೆನ್ನಲಾರೆ.

ಒಂದು ಚಳಿಗಾಲ ಅವನು, "ಹ್ಯಾಕರ್ ಕ್ಯಾಂಪಿಗೆ ಹೋಗುವ, ಬಾ" ಎಂದ.

"ಬ್ಯಾಂಕಿಗೆ ಕನ್ನ ಹಾಕೋರು ಹೊಲದಲ್ಲಿ ಟೆಂಟ್ ಹಾಕ್ಕೊಂಡು ಯಾಕೋ ಮಲಗ್ತಾರೆ?"

"ಆ ಹ್ಯಾಕರ್ ಅಲ್ಲ ಮಾರಾಯ. ಇವರು ಸಾಮಾನು ಬಿಚ್ಚಿ ನೋಡುವವರು. ಬಿಚ್ಚಿದ ಮೇಲೆ ಬೇರೆ ಎಂತದೋ ಮಾಡುವವರು."

ಅಂದರೆ ಇವನಂಥವರೇ ಇನ್ನೂ ಇದ್ದಾರೆ, ಅವರೆಲ್ಲ ವರ್ಷಕ್ಕೊಮ್ಮೆ ಒಂದು ಕಡೆ ಸೇರುತ್ತಾರೆ ಎಂದಾಯಿತು. ನನಗೆ ಮೊದಲು ಭಯವಾಯಿತು, ಆಮೇಲೆ ಕುತೂಹಲ. ಊಟ ಅವರದೇ ಎಂದು ತಿಳಿದಾಗ ಹೊರಟೆ.

ಆನಂದ್ ಪಟ್ಟಣದ ಕಡೆಯ ಹೊಗೆಸೊಪ್ಪಿನ ಹೊಲಗಳ ನಡುವೆ ಒಂದು ಖಾಲಿ ಜಮೀನು. ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಿಂದ ಬಂದಿದ್ದ ಹೇತಲ್ ಎಂಬಾಕೆ ಎಲ್ಲದರ ಉಸ್ತುವಾರಿ. ಜಮೀನು ಅವಳ ಸೋದರಮಾವನದು. ಬಣ್ಣಬಣ್ಣದ ಟೆಂಟುಗಳ ಮಧ್ಯೆ ವೈರುಗಳು ಹಾವಿನಂತೆ ಹರಿದಿದ್ದವು. ಸೂರತ್‌ನವನೊಬ್ಬ ಹಳೆಯ ಹೊಲಿಗೆಯಂತ್ರದಿಂದ ಸಂಗೀತ ಹೊರಡಿಸುತ್ತಿದ್ದ. ಯಾವ ರಾಗವೆಂದು ಕೇಳಿದವರಿಗೆ ಅವನೇ ತಿರುಗಿ ಕೇಳುತ್ತಿದ್ದ. ಸೈಕಲ್ ತುಳಿದರೆ ಚಹಾ ಕಾಯಿಸುವ ಒಲೆಯಿತ್ತು. ಒಂದು ಲೋಟ ಚಹಾಕ್ಕೆ ಎಷ್ಟು ತುಳಿಯಬೇಕೆಂದರೆ, ಕುಡಿಯುವ ಹೊತ್ತಿಗೆ ನಿಮಗೆ ಬೇಕಾದದ್ದು ತಣ್ಣೀರು. ಯಾರದೋ ಡ್ರೋನ್ ಬೇವಿನ ಮರದಲ್ಲಿ ಸಿಕ್ಕಿಕೊಂಡಿತ್ತು, ಪಕ್ಕದಲ್ಲಿ ಕುಳಿತ ನವಿಲು ಅದನ್ನು ನೆಂಟರ ಮಗುವನ್ನು ನೋಡುವಂತೆ ನೋಡುತ್ತಿತ್ತು.

ಪ್ರಶಾಂತ ತಂದಿದ್ದು ಬಟ್ಟೆ ಒಣಗಿದ್ದನ್ನು ತಿಳಿಸುವ ಯಂತ್ರ. ತಂತಿಗೆ ಹಾಕಿದ ಒಂದೊಂದು ಬಟ್ಟೆಗೂ ಅದರದೇ ಕ್ಲಿಪ್ಪು ಸಿಕ್ಕಿಸಿದರೆ, ತೇವ ಆರಿದ ಕೂಡಲೇ ಯಾರ ಯಾವ ಬಟ್ಟೆಯೆಂದು ಸ್ಪೀಕರು ಘೋಷಿಸುತ್ತದೆ. ಕೈಯಿಂದ ಮುಟ್ಟಿ ನೋಡಿದರೂ ಗೊತ್ತಾಗುತ್ತದಲ್ಲ ಎಂದಿದ್ದೆ. ಅವನು ಒಂದು ದಿನ ಮಾತು ಬಿಟ್ಟಿದ್ದ. ರಾಜಿಯಾದದ್ದು ನನ್ನ ಧ್ವನಿ ಬೇಕಾದಾಗ. "ನನ್ನ ಸ್ವರದಲ್ಲಿ ಹೇಳಿದರೆ ಒಂದು ಮಸಾಲೆ, ಎರಡು ಕಾಫಿ ಅಂದ ಹಾಗೆ ಕೇಳ್ತದೆ. ನೀನು ವಾರ್ತೆ ಓದುವವರ ಹಾಗೆ ಹೇಳು." ಹೇಳಿದೆ. ಗುಜರಾತಿನ ಹೊಲದಲ್ಲಿ ಕನ್ನಡ ಯಾರಿಗೆ ಅರ್ಥವಾಗಬೇಕು ಎಂಬ ಧೈರ್ಯದಲ್ಲಿ ನನ್ನ ಜೀವನದ ಅತ್ಯಂತ ಗಂಭೀರ ಧ್ವನಿಯನ್ನು ಅದಕ್ಕೆ ದಾನ ಮಾಡಿದೆ.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಆ ದಿನಗಳಲ್ಲಿ ಪ್ರಶಾಂತನಿಗೆ ಹೆಣ್ಣು ನೋಡುತ್ತಿದ್ದರು. ಹಿಂದೆ ಬಂದವರೆಲ್ಲ ಅವನ ಕೋಣೆ ನೋಡಿ ಕಾಫಿ ಮುಗಿಸದೆ ಎದ್ದಿದ್ದರು. "ಈ ಸಲವೂ ಆಗದಿದ್ದರೆ ಆ ಕಸ ಎಲ್ಲ ಗುಜರಿಗೆ ಹಾಕಿ ಊರಿಗೆ ಬಾ, ಮಾವನ ಹೋಟೆಲಿನಲ್ಲಿ ಕೂತ್ಕೊ" ಎಂದು ಅವನ ಅಮ್ಮ ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು. ಈ ಸಲದ ಹುಡುಗಿ ದೀಕ್ಷಾ, ಸೂರತ್‌ನಲ್ಲಿ ಉಡುಪಿ ಹೋಟೆಲು ನಡೆಸುವ ರಘುರಾಮ ಶೆಟ್ಟರ ಮಗಳು. ಫೋನಿನಲ್ಲಿ ಮಾತಾಡುತ್ತ ಪ್ರಶಾಂತ ಅವಳಿಗೆ ಮನಸೋತಿದ್ದ. ತಲೆ ಬಾಚತೊಡಗಿದ್ದ ಎಂದರೆ ನಿಮಗೆ ಅರ್ಥವಾದೀತು.

ಎರಡನೆಯ ದಿನ ಮಧ್ಯಾಹ್ನ ಅವನ ಫೋನು ಹೊಡೆದುಕೊಂಡಿತು. ಶೆಟ್ಟರು. ಸ್ಯಾಟಲೈಟ್‌ನಲ್ಲಿ ನೆಂಟರ ಗೃಹಪ್ರವೇಶಕ್ಕೆ ಸಂಸಾರ ಸಮೇತ ಕಾರಿನಲ್ಲಿ ಹೊರಟಿದ್ದಾರೆ. ನೀವು ಕಂಪನಿಯ ಕಾನ್ಫರೆನ್ಸಿನಲ್ಲಿ ಇದ್ದೀರೆಂದು ನಿಮ್ಮ ಅಮ್ಮ ಹೇಳಿದರು. ದಾರಿಯಲ್ಲೇ ಅಲ್ಲವೇ, ಹತ್ತು ನಿಮಿಷ ಬಂದು ಹೋಗುತ್ತೇವೆ ಎಂದರು. ಕಾನ್ಫರೆನ್ಸ್ ಎಂದು ಅಮ್ಮನಿಗೆ ಹೇಳಿದ್ದವನು ಇವನೇ.

ಪ್ರಶಾಂತ ನನ್ನ ಮುಖ ನೋಡಿದ. ನಾನು ಅವನ ಚಡ್ಡಿ ನೋಡಿದೆ. ಅವನು ತಂದಿದ್ದ ಒಂದೇ ಪ್ಯಾಂಟು, ಒಂದೇ ಒಳ್ಳೆಯ ಶರಟು ಬೆಳಿಗ್ಗೆ ಒಗೆದು ತಂತಿಯ ಮೇಲಿದ್ದವು, ಯಂತ್ರದ ಪ್ರದರ್ಶನಕ್ಕೆ. ಹೇತಲ್‌ಗೆ ವಿಷಯ ಹೇಳಿದ್ದಕ್ಕೆ, "ಟೆನ್ಶನ್ ನಹೀಂ ಲೇನೇಕಾ" ಎಂದು ಒಂದು ರಟ್ಟಿನ ಮೇಲೆ ಇಂಗ್ಲಿಷಿನಲ್ಲಿ ಕಾನ್ಫರೆನ್ಸ್ ಎಂದು ಬರೆದು ಎಮ್ಮೆ ಕಟ್ಟುವ ಗೂಟಕ್ಕೆ ನೇತುಹಾಕಿದಳು. ಪ್ರಶಾಂತ ಒದ್ದೆ ಬಟ್ಟೆಯನ್ನೇ ಏರಿಸಿಕೊಂಡ. ಚಳಿಗಾಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ತಂತಿಯಲ್ಲಿ ಉಳಿದದ್ದಕ್ಕೆ ಅದರದರ ಕ್ಲಿಪ್ಪನ್ನು ಅವಸರದಲ್ಲಿ ಸಿಕ್ಕಿಸಿ ಓಡಿದ.

ಶೆಟ್ಟರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಅವರ ಹೆಂಡತಿ ಸುಮತಿಯಕ್ಕ ರೇಷ್ಮೆ ಸೀರೆಯಲ್ಲಿ, ದೀಕ್ಷಾ ಜೀನ್ಸ್‌ನಲ್ಲಿ ಇಳಿದರು. ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದೆವು. ಶೆಟ್ಟರು ಸೈಕಲ್ ತುಳಿಯುವವನನ್ನು ನೋಡಿದರು, ಮರದ ಮೇಲಿನ ಡ್ರೋನನ್ನು ನೋಡಿದರು, ತೊಟ್ಟಿಕ್ಕುತ್ತಿದ್ದ ಅಳಿಯನಾಗಲಿರುವವನನ್ನು ಬಹಳ ಹೊತ್ತು ನೋಡಿದರು.

"ಇದು ಎಂತ ಕಾನ್ಫರೆನ್ಸ್ ಮಾರಾಯ್ರೆ?"

ಪ್ರಶಾಂತ ಬಾಯಿ ತೆರೆಯುವಷ್ಟರಲ್ಲಿ ನನ್ನ ಧ್ವನಿ, ಆದರೆ ನನ್ನಿಂದ ಅಲ್ಲ, ಇಡೀ ಹೊಲಕ್ಕೆ ಸಾರಿತು: "ಪ್ರಶಾಂತನ ಚಡ್ಡಿ ಒಣಗಿದೆ."

ಹೊಲಿಗೆಯಂತ್ರದ ಸಂಗೀತ ನಿಂತಿತು. ಚಡ್ಡಿ ಎಂಬ ಪದಕ್ಕೆ ಭಾಷೆಗಳ ಗಡಿಯಿಲ್ಲವೆಂದು ನನಗೆ ಹೊಳೆದದ್ದು ಆಗ. ಎಲ್ಲ ಟೆಂಟುಗಳಿಂದ ತಲೆಗಳು ಹೊರಬಂದವು. ಯಂತ್ರ ಅಷ್ಟಕ್ಕೇ ಬಿಡಲಿಲ್ಲ: "ಪ್ರಶಾಂತನ ಬನಿಯನ್ ಇನ್ನೂ ಹಸಿ. ದಯವಿಟ್ಟು ಕಾಯಿರಿ."

"ಪಪ್ಪಾ," ಎಂದಳು ದೀಕ್ಷಾ, ಸೂರತ್‌ನಲ್ಲೇ ಬೆಳೆದವಳ ಕುಂಟು ಕನ್ನಡದಲ್ಲಿ, "ಚಡ್ಡಿ ಗೊತ್ತುಂಟು. 'ಒಣಗಿದೆ' ಅಂದ್ರೆ ಎಂತ?"

ಶೆಟ್ಟರು ಮುಖ ಬಿಗಿದುಕೊಂಡೇ, "ಸೂಖ್ ಗಯೀ" ಎಂದರು.

ಅವಳು ಸೆರಗಿಲ್ಲದ್ದರಿಂದ ಅಮ್ಮನ ಸೆರಗನ್ನೇ ಬಾಯಿಗೆ ತುರುಕಿಕೊಂಡಳು. ಶೆಟ್ಟರು ಎದ್ದರು. ಕಾರಿನ ಕೀಲಿ ಕೈಗೆ ಬಂತು. ಪ್ರಶಾಂತ ತಲೆ ತಗ್ಗಿಸಿ ನಿಂತ. ಅವನ ಮೂಗಿನ ತುದಿಯಿಂದಲೂ ನೀರು ತೊಟ್ಟಿಕ್ಕುತ್ತಿತ್ತು. ಅದು ಶರಟಿನದಲ್ಲ ಎಂದು ನನಗೆ ಅನಿಸಿತು. ಆ ಗಳಿಗೆಯಲ್ಲಿ ಮಿಕ್ಸಿಯ ವಿಷಯವನ್ನೂ ಕ್ಷಮಿಸಿಬಿಟ್ಟೆ.

ಏಳದೆ ಕುಳಿತಿದ್ದವರು ಸುಮತಿಯಕ್ಕ ಒಬ್ಬರೇ. ಅವರು ತಂತಿಯನ್ನೇ ನೋಡುತ್ತಿದ್ದರು.

"ಹಪ್ಪಳಕ್ಕೂ ಆಗ್ತದಾ ಅದು?"

"ಹಾಂ?" ಎಂದ ಪ್ರಶಾಂತ.

"ಹಪ್ಪಳ, ಸಂಡಿಗೆ. ಹೋಟೆಲಿಗೆ ನಾನೇ ಮಾಡುವುದು. ಟೆರೇಸಿನಲ್ಲಿ ಹಾಕಿದರೆ ಒಣಗಿತಾ ನೋಡ್ಲಿಕ್ಕೆ ನಾನು ಮೆಟ್ಟಿಲು ಹತ್ತಬೇಕು, ಇವರು ಹತ್ತುವುದಿಲ್ಲ. ನನ್ನ ಮೊಣಕಾಲು ಮುಗಿದೇ ಹೋಗಿದೆ."

ಪ್ರಶಾಂತ ಅವರ ಎದುರು ಹುಲ್ಲಿನ ಮೇಲೆ ಕುಳಿತ. ಹಪ್ಪಳದ ದಪ್ಪ ಎಷ್ಟು, ಉಪ್ಪು ಎಷ್ಟು, ಹಲಸಿನದೋ ಉದ್ದಿನದೋ, ಎಲ್ಲ ವಿಚಾರಿಸಿದ. ಚಳಿ ಮರೆತ. ದೀಕ್ಷಾ ಕೆಳಗೆ ಕುಳಿತು ಯಂತ್ರದೊಳಗಿನ ತಂತಿಗಳನ್ನು ಕೆದಕತೊಡಗಿದಳು. ಹತ್ತು ನಿಮಿಷಕ್ಕೆಂದು ಬಂದವರು ಗೃಹಪ್ರವೇಶಕ್ಕೆ ತಲುಪಿದಾಗ ಅಲ್ಲಿ ಊಟದ ಎಲೆ ಎತ್ತಿಯಾಗಿತ್ತಂತೆ. ತಡವಾಗಲು ಶೆಟ್ಟರೇ ಕಾರಣ. ಚಹಾ ಆಗುವವರೆಗೂ ಸೈಕಲಿನಿಂದ ಇಳಿಯಲೊಲ್ಲೆ ಎಂದು ಹಟ ಹಿಡಿದಿದ್ದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು ತೀರ್ಪು ಕೊಟ್ಟರು: "ಹುಡುಗ ಸ್ವಲ್ಪ ಲೂಸು. ಆದರೆ ನನ್ನ ಹೆಂಡತಿಯ ಮೊಣಕಾಲಿನ ಸುದ್ದಿ ಇಷ್ಟು ಹೊತ್ತು ಕೇಳಿದವರು ಬೇರೆ ಯಾರೂ ಇಲ್ಲ. ನಾನೂ ಕೇಳಲಿಲ್ಲ."

ಮದುವೆಯಾಯಿತು. ಪ್ರಶಾಂತ ಸೂರತ್ ಸೇರಿದ. ಈಗ ಅವರಿಗೆ ಕೂಸು ಹುಟ್ಟಿದ್ದರಿಂದ ಈ ವರ್ಷ ಕ್ಯಾಂಪಿಗೆ ಬರುವುದಿಲ್ಲ ಎಂದ. ಇಷ್ಟು ವರ್ಷ ಊಟಕ್ಕೆಂದು ಹೋಗುತ್ತಿದ್ದವನು ನಾನು. ಈ ಸಲ ಬರಿಗೈಯಲ್ಲಿ ಹೋಗಲು ಅದೇಕೋ ಮನಸ್ಸಾಗಲಿಲ್ಲ. ನಾನೂ ಒಂದು ಯಂತ್ರ ಮಾಡಿದ್ದೇನೆ. ಹಾಲು ಉಕ್ಕುವ ಮುನ್ನ ಅದು ಕೆಮ್ಮಿ ಎಚ್ಚರಿಸಬೇಕು. ಸದ್ಯಕ್ಕೆ ಉಕ್ಕಿದ ಮೇಲೆ ಕೆಮ್ಮುತ್ತದೆ, ಸಂತಾಪ ಸೂಚಿಸುವಂತೆ.

ವಾರವಿಡೀ ಕೆಮ್ಮು ಕೇಳಿದ ಕೆಳಗಿನ ಮನೆಯ ಕೋಕಿಲಾಬೆನ್, ನನಗೇ ಕಾಯಿಲೆಯೆಂದು ತಿಳಿದು, ನಿನ್ನೆ ಶುಂಠಿ ತುಳಸಿಯ ಕಷಾಯ ಹಿಡಿದು ಬಂದರು. ಯಂತ್ರ ತೋರಿಸಿದೆ. ಬಗ್ಗಿ, ಕಿವಿಯಿಟ್ಟು, ಮತ್ತೊಮ್ಮೆ ಕೆಮ್ಮಿಸಲು ಹೇಳಿ ಕೇಳಿದರು. ಈ ಕೆಮ್ಮಿನಲ್ಲಿ ದಮ್ಮೇ ಇಲ್ಲ, ಇದಕ್ಕೆ ಯಾವ ಹಾಲೂ ಹೆದರುವುದಿಲ್ಲ ಎಂದು ಹಿಂದಿಯಲ್ಲಿ ಬೈದರು. ಕೆಮ್ಮು ತಾವು ಕೊಡುತ್ತಾರಂತೆ, ಆದರೆ ಕ್ಯಾಂಪಿಗೆ ಅವರನ್ನೂ ಕರೆದೊಯ್ಯಬೇಕಂತೆ. ಒಪ್ಪಿದೆ.

ಇದನ್ನು ಬರೆಯುತ್ತಿರುವಾಗ ಕೆಳಗಿನಿಂದ ಕೆಮ್ಮು ಕೇಳಿಸುತ್ತಿದೆ. ಒಮ್ಮೆ ಮೆಲ್ಲಗೆ, ಒಮ್ಮೆ ಜೋರಾಗಿ, ನಡುನಡುವೆ ಗಂಟಲು ಸರಿಪಡಿಸಿಕೊಂಡು. ಅಭ್ಯಾಸ ನಡೆಸಿದ್ದಾರೆ.