ನಂಬಲಾಗದ ಮೂಲ

ಅಲ್ಲಾಳಸಂದ್ರದ ಆವಲಪ್ಪನವರಿಗೆ ಮನಸ್ಸಿನಲ್ಲೇ ಓದಿಕೊಳ್ಳುವುದು ಬರುತ್ತಿರಲಿಲ್ಲ. ಹೆಂಡತಿ ಮುನಿನಾರಾಯಣಮ್ಮನಿಗೆ ಅಕ್ಷರ ಬಾರದು. ಮದುವೆಯಾದಂದಿನಿಂದ ಆಕೆಗಾಗಿ ಪೇಪರನ್ನು ಗಟ್ಟಿಯಾಗಿ ಓದಿ ಓದಿ, ಬಸ್ಸಿನ ಬೋರ್ಡನ್ನೂ ಊರಿಗೆಲ್ಲ ಕೇಳುವಂತೆ ಓದುವ ಚಟ ಅಂಟಿಕೊಂಡಿತ್ತು. 2011ರಲ್ಲಿ ಗಾಲಿ ಕಾರ್ಖಾನೆಯಿಂದ ನಿವೃತ್ತರಾದಾಗ ಮಗ ನಂದಕುಮಾರ್ ಒಂದು ಹಳೇ ಕಂಪ್ಯೂಟರ್ ತಂದು, ಲಿನಕ್ಸ್ ಹಾಕಿ, ಎಲ್ಲವೂ ಕನ್ನಡದಲ್ಲೇ ಕಾಣುವಂತೆ ಮಾಡಿಕೊಟ್ಟ. ಅಲ್ಲಿಗೆ ಪರದೆಯ ಮೇಲೆ ಬಂದದ್ದೆಲ್ಲ ಮನೆಮಂದಿಗೆ ಪಾರಾಯಣವಾಯಿತು.

ಸೊಸೆ ಶಿಲ್ಪಾಗೆ ಈ ಪಾರಾಯಣ ಇಷ್ಟ. ಇಷ್ಟವೇನು, ಮಾವನೆಂದರೆ ಜೀವ. ಅದಕ್ಕೇ ಹೊಟ್ಟೆಯೊಳಗಿನ ಗುಟ್ಟು ಅವಳನ್ನು ಅಷ್ಟು ಸುಡುತ್ತಿತ್ತು. ಅವಳು ಹುಟ್ಟಿದ್ದು ಮೂಲಾ ನಕ್ಷತ್ರದಲ್ಲಿ. ಮೂಲದ ಹೆಣ್ಣು ಮಾವನಿಗೆ ಆಗದು ಎಂದು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು ಎದ್ದುಹೋದ ಮೇಲೆ, ಈ ಮನೆಯವರಿಗೆ ಅವಳಪ್ಪ ಪೂರ್ವಾಷಾಢ ಎಂದು ಸುಳ್ಳು ಹೇಳಿ ಧಾರೆ ಎರೆದಿದ್ದರು. ಮದುವೆಯಾಗಿ ವರ್ಷ ತುಂಬುವುದರೊಳಗೆ ಆವಲಪ್ಪನವರು ಎದೆ ಹಿಡಿದುಕೊಂಡು ಅಂಗಳದಲ್ಲಿ ಕುಸಿದರು. ಬದುಕಿ ಬಂದರು, ನಿಜ. ಶಿಲ್ಪಾ ಮಾತ್ರ ಅದು ತನ್ನ ನಕ್ಷತ್ರದ ಫಲವೆಂದೇ ನಂಬಿದಳು. ಹೇಳಿದರೆ ಈ ಮನೆ ತಪ್ಪುತ್ತದೆ. ಹೇಳದೆ, ಮಾವನಿಗೇ ಮತ್ತೇನಾದರೂ ಆದರೆ?

ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಾಗ ನಡುಮನೆಯಿಂದ ಮಾವನ ದನಿ ಬಂತು: “ಎಚ್ಚರಿಕೆ! ಇದು ನಂಬಲಾಗದ ಮೂಲ. ಮುಂದುವರಿದರೆ ಹಾನಿಯಾಗಬಹುದು.”

ಮೊರ ಕೈಜಾರಿತು. ಶಿಲ್ಪಾ ಓಡಿಬಂದು ಮಾವನ ಕಾಲಬುಡದಲ್ಲಿ ಕುಕ್ಕರಿಸಿದಳು.

“ನಾನೇ ಹೇಳ್ಬೇಕಿತ್ತು ಮಾವ. ನಂದು ಪೂರ್ವಾಷಾಢ ಅಲ್ಲ, ಮೂಲಾನೇ. ಅಪ್ಪ ಸುಳ್ಳು ಹೇಳಿದ್ರು, ನಾನೂ ಬಾಯಿ ಮುಚ್ಕೊಂಡಿದ್ದೆ. ನಿಮಗೆ ಎದೆನೋವು ಬಂದಿದ್ದು ನನ್ನಿಂದ್ಲೇ. ನನ್ನ ನಮ್ಮನೆಗೆ ಕಳಿಸ್ಬಿಡಿ.”

ಆವಲಪ್ಪನವರು ಕನ್ನಡಕ ಎತ್ತಿ ಸೊಸೆಯನ್ನು ನೋಡಿದರು, ಪರದೆಯನ್ನು ನೋಡಿದರು. ಯಾವುದೋ ಅಪ್‌ಡೇಟ್ ಬಂದಿತ್ತು. ಅದು ಎಲ್ಲಿಂದ ಬಂದದ್ದೋ ಖಾತ್ರಿಯಿಲ್ಲ ಎಂದು ಕಂಪ್ಯೂಟರ್ ತನ್ನ ಪುಸ್ತಕದ ಕನ್ನಡದಲ್ಲಿ ಹೇಳುತ್ತಿತ್ತು, ಅಷ್ಟೆ. ಅವರಿಗೆ ನಗು ಬಂತು. ಸೊಸೆಯ ಮುಖ ನೋಡಿ ನುಂಗಿಕೊಂಡರು.

“ಅಯ್ಯೋ, ಅದು ಕಂಪೂಟ್ರು ಅಂದಿದ್ದು ಕಣವ್ವ, ನಾನಲ್ಲ. ನಿನ್ನ ನಕ್ಸತ್ರ ನಂಗೆ ಎಣ್ಣು ನೋಡಕ್ ಬಂದ ದಿನಾನೇ ಗೊತ್ತು. ನಿಮ್ಮಜ್ಜಿ ಲೋಟ ಕೊಡ್ತಾ, ‘ಮೂಲದ ಕೂಸು, ಚೆನ್ನಾಗ್ ನೋಡ್ಕಳಿ’ ಅಂದ್ಬಿಟ್ರು. ನಿಮ್ಮಪ್ಪ ಬೆವೆತೋದ್ರು. ಪಾಪ ಅನ್ನಿಸ್ತು, ಕೇಳಿಸ್ದೇ ಇರೋನಂಗೆ ಕಾಫಿ ಕುಡ್ದೆ.”

“ಗೊತ್ತಿದ್ದೂ ಒಪ್ಕೊಂಡ್ರಾ?”

“ಒಪ್ಕಂಡಿದ್ದಕ್ಕೇ ಬದುಕಿದ್ದೀನಿ. ಅವತ್ತು ನಾನ್ ಬಿದ್ದಾಗ ಮನೇಲಿ ಇನ್ಯಾರಿದ್ರು? ನನ್ನ ಆಟೋಗ್ ಆಕ್ಕೊಂಡು, ಎಬ್ಬಾಳದ ಟ್ರಾಫಿಕ್ಕಲ್ಲಿ ಇಳ್ದು ಕಂಡೋರ್ ಗಾಡಿಗೆಲ್ಲ ಕೈ ಮುಗ್ದು ದಾರಿ ಬಿಡಿಸ್ಕೊಂಡೋಳು ನೀನು. ಈಗ ನಮ್ಮನೆಗೆ ಕಳ್ಸಿ ಅಂತೀಯಲ್ಲ, ಇದ್ಯಾರ ಮನೆ ತಾಯಿ?”

ಶಿಲ್ಪಾ ಅವರ ಮೊಣಕಾಲಿಗೆ ಹಣೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.